ಒಡಿಸ್ಸಿಯಸ್ ಯಾರು? 20 ವರ್ಷ ಆದ್ಮೇಲೆ ಹೆಂಡತಿ ಅವನನ್ನ ಹೇಗೆ ಗುರುತು ಹಿಡಿದಳು?

ಗ್ರೀಕ್ ಪುರಾಣದಲ್ಲಿ ಇಥಾಕಾ ದ್ವೀಪದ ರಾಜ, ತೋಳ್ಬಲಕ್ಕಿಂತ ತಲೆ ಜಾಸ್ತಿ ಓಡಿಸ್ತಿದ್ದವನು, ಸೈನಿಕರನ್ನ ಒಳಗೆ ಬಚ್ಚಿಟ್ಟು ಟ್ರಾಯ್ ನಗರ ಗೆದ್ದ ಮರದ ಕುದುರೆ ಐಡಿಯಾನೂ ಇವನದೇ. 10 ವರ್ಷ ಯುದ್ಧ, ವಾಪಸ್ ಬರೋಕೆ ಇನ್ನೂ 10 ವರ್ಷ. ಭಿಕ್ಷುಕನ ವೇಷದಲ್ಲಿ ಮನೆಗೆ ಬಂದ್ರೂ, ಸಗಣಿ ಗುಡ್ಡೆ ಮೇಲೆ ಬಿದ್ದಿದ್ದ ಮುದಿ ನಾಯಿ ಆರ್ಗೋಸ್ ಗುರುತು ಹಿಡಿದು ಬಾಲ ಅಲ್ಲಾಡಿಸಿ ಅಲ್ಲೇ ಪ್ರಾಣ ಬಿಡತ್ತೆ, ನನಗಂತೂ ಅಲ್ಲಿ ಗಂಟಲು ಕಟ್ಟತ್ತೆ.

ಆದ್ರೆ ಹೆಂಡತಿ ಪೆನೆಲೊಪಿ, ಮದುವೆ ಆಗು ಅಂತ ತನ್ನ ಬೆನ್ನು ಬಿದ್ದಿದ್ದವರನ್ನೆಲ್ಲ ಅವನು ಕೊಂದ ಮೇಲೂ ನಂಬಲ್ಲ. ಅವನನ್ನ ಪರೀಕ್ಷೆ ಮಾಡೋಕೆ, ತಮ್ಮಿಬ್ಬರ ಮಂಚ ಆಚೆ ತಂದು ಹಾಕು ಅಂತ ದಾಸಿಗೆ ಹೇಳ್ತಾಳೆ, ಅಷ್ಟಕ್ಕೇ ಅವನಿಗೆ ಸಿಟ್ಟು ನೆತ್ತಿಗೇರತ್ತೆ, ಯಾಕಂದ್ರೆ ನೆಲದಲ್ಲಿ ಬೇರು ಬಿಟ್ಟಿದ್ದ ಆಲಿವ್ ಮರದ ಬುಡವನ್ನೇ ಕಾಲು ಮಾಡಿ ಆ ಮಂಚ ಕಟ್ಟಿದ್ದು ಅವನೇ, ಕಡಿಯದೆ ಅದನ್ನ ಸರಿಸೋಕಾಗಲ್ಲ. ಆ ಗುಟ್ಟು ಗಂಡ ಹೆಂಡತಿ ಬಿಟ್ರೆ ಒಬ್ಬ ದಾಸಿಗಷ್ಟೇ ಗೊತ್ತಿತ್ತು. ಅವನ ಬಾಯಿಂದ ಅದು ಬಂದ ತಕ್ಷಣ ಅವಳು ಅಳ್ತಾ ಓಡಿ ಬಂದು ತಬ್ಬಿಕೊಳ್ತಾಳೆ.