ಐ ಆದ ಮೇಲೆ ಕೆ: ನಿಮ್ಮ ಪುಸ್ತಕದಲ್ಲಿ ಹಾಳೆ ಕಳೆದಿಲ್ಲ

ದಯವಿಟ್ಟು ಪುಸ್ತಕ ವಾಪಸ್ ಮಾಡಬೇಡಿ. 1850ರ ದಶಕದಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ, 113ನೇ ಪುಟದ ಅಡಿಯಲ್ಲಿ ಸಣ್ಣದಾಗಿ 'ಐ', 129ರಲ್ಲಿ 'ಕೆ', ನಡುವೆ 'ಜೆ' ಇಲ್ಲ, ಹಾಗಾಗಿ ಒಂದು ಭಾಗವೇ ಕಿತ್ತುಹೋಗಿದೆ ಅಂತ ಬರೆದಿದ್ದೀರಿ. ಕೆಲವು ಪುಟಗಳು ಅಂಚಿನಲ್ಲಿ ಅಂಟಿಕೊಂಡಿವೆ, ಪುಸ್ತಕದಲ್ಲಿ ಸಣ್ಣ ತೂತುಗಳಿವೆ ಅಂತಲೂ ಹೇಳಿದ್ದೀರಿ. ಇಲ್ಲ, ಏನೂ ಹೋಗಿಲ್ಲ. ಅದನ್ನು ಹೇಳುತ್ತೇನೆ. ಅದಕ್ಕೂ ಮೊದಲು ರಟ್ಟಿನ ವಿಷಯ.

ರಟ್ಟಿಗೆ ಹಚ್ಚ ಹಸಿರು ಬಟ್ಟೆ ಹೊದಿಸಿದೆ ಅಂದಿರಿ. ಆ ಕಾಲದಲ್ಲಿ ಪುಸ್ತಕದ ಬಟ್ಟೆಗೆ ಆರ್ಸೆನಿಕ್ ಇರುವ ಹಸಿರು ಬಣ್ಣವನ್ನೂ ಬಳಸುತ್ತಿದ್ದರು. ಅಮೆರಿಕದ ವಿಂಟರ್‌ಥರ್ ಸಂಸ್ಥೆಯವರು 2019ರಿಂದ ಇಂಥ ಪುಸ್ತಕಗಳನ್ನು ಹುಡುಕಿ ಪಟ್ಟಿ ಮಾಡುತ್ತಿದ್ದಾರೆ. ಹಸಿರಾಗಿರುವುದೆಲ್ಲ ವಿಷವಲ್ಲ, ಆದರೆ ಕಣ್ಣಿಂದ ನೋಡಿ ಹೇಳಲು ಆಗುವುದಿಲ್ಲ. ಕೈಗವಸು ಹಾಕಿ ಮುಟ್ಟಿ, ಆಮೇಲೆ ಕೈ ತೊಳೆಯಿರಿ. ರಟ್ಟನ್ನು ಉಜ್ಜಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ ಜಿಪ್ ಚೀಲದಲ್ಲಿಡಿ.

ಈಗ ಜೆ. ಪುಸ್ತಕವನ್ನು ಒಂದೊಂದೇ ಪುಟವಾಗಿ ಅಚ್ಚು ಹಾಕುವುದಿಲ್ಲ ಅಲ್ವಾ? ದೊಡ್ಡ ಹಾಳೆಯ ಎರಡೂ ಕಡೆ ಅಚ್ಚು ಹಾಕಿ, ಮೂರು ಸಲ ಮಡಚಿದರೆ 8 ಹಾಳೆ, 16 ಪುಟ. ಅದೇ ಒಂದು ಫಾರಂ. ಬೈಂಡರ್ ಕೈಯಲ್ಲಿ ಫಾರಂಗಳು ಹಿಂದುಮುಂದು ಆಗಬಾರದೆಂದು ಪ್ರತಿ ಫಾರಂನ ಮೊದಲ ಪುಟದ ಅಡಿಗೆ ಒಂದು ಅಕ್ಷರ ಹಾಕುತ್ತಿದ್ದರು. ಅದಕ್ಕೆ ಬಳಸಿದ್ದು ಲ್ಯಾಟಿನ್ ವರ್ಣಮಾಲೆಯ 23 ಅಕ್ಷರ. ಅದರಲ್ಲಿ ಐ, ಜೆ ಎರಡೂ ಒಂದೇ. ಯು, ವಿ ಕೂಡ ಒಂದೇ. ಡಬ್ಲ್ಯೂ ಇಲ್ಲವೇ ಇಲ್ಲ. ಇಂಗ್ಲಿಷ್ ಪುಸ್ತಕಕ್ಕೆ 26 ಅಕ್ಷರ ಬಂದು ಎಷ್ಟೋ ಕಾಲವಾದರೂ ಅಚ್ಚುಮನೆಯವರು ಹಳೆಯ ರೂಢಿ ಬಿಡಲಿಲ್ಲ. ನನಗಂತೂ ಇದು ತುಂಬಾ ಇಷ್ಟ. ಓದುಗರಿಗೆ ಅಂತ ಬರೆಯದ, ಕೆಲಸದವರು ತಮ್ಮತಮ್ಮಲ್ಲೇ ಮಾಡಿಕೊಂಡ ಗುರುತು ನಮ್ಮ ಕೈಯಲ್ಲಿದೆ!

ಲೆಕ್ಕ ಹಾಕಿ ನೋಡಿ. 129ರಲ್ಲಿ 113 ಕಳೆದರೆ 16. ಸರಿಯಾಗಿ ಒಂದು ಫಾರಂ. 1ನೇ ಪುಟದ ಅಡಿಯಲ್ಲಿ 'ಬಿ' ಇರಬೇಕು, 17ರಲ್ಲಿ 'ಸಿ'. 'ಎ' ಎಲ್ಲಿ ಅಂತ ಮತ್ತೆ ಗಾಬರಿ ಬೇಡ. ಶೀರ್ಷಿಕೆ ಪುಟ, ಮುನ್ನುಡಿ ಇವನ್ನು ಕೊನೆಯಲ್ಲಿ ಅಚ್ಚು ಹಾಕುತ್ತಿದ್ದರು, 'ಎ'ಯನ್ನು ಅವಕ್ಕೇ ಮೀಸಲಿಡುತ್ತಿದ್ದರು. 'ಜೆಡ್' ಮುಗಿದರೆ 'ಎಎ' ಅಥವಾ '2ಎ' ಶುರು.

ಅಂಚು ಕೂಡಿಕೊಂಡಿರುವ ಪುಟಗಳೂ ಅಂಟಿದ್ದಲ್ಲ. ಮಡಚಿದ ಅಂಚನ್ನು ಯಾರೂ ಬಿಡಿಸಿಲ್ಲ, ಅಷ್ಟೇ. ಸುಮ್ನೆ ಒಂದು ಕಾಗದವನ್ನು ಮೂರು ಸಲ ಮಡಚಿ ನೋಡಿ, ಎಲ್ಲೆಲ್ಲಿ ಅಂಚು ಮುಚ್ಚಿರುತ್ತದೆ ಅಂತ ಗೊತ್ತಾಗುತ್ತದೆ. ಅಂದರೆ ನೂರೈವತ್ತು ವರ್ಷಕ್ಕೂ ಜಾಸ್ತಿ ಆದರೂ ಆ ಪುಟಗಳನ್ನು ಯಾರೂ ಓದಿಲ್ಲ. ಮೊದಲ ಓದುಗರು ನೀವೇ. ಹಾಗೇ ಉಳಿಸಿದರೂ ತಪ್ಪಿಲ್ಲ, ಸಂಗ್ರಹ ಮಾಡುವವರು ಬಿಡಿಸದ ಪುಟವನ್ನು ಇಷ್ಟಪಡುತ್ತಾರೆ. ನಾನಾದರೆ ಓದುತ್ತೇನೆ. ಬಿಡಿಸುವುದಾದರೆ ಬೆರಳು ಹಾಕಬೇಡಿ, ಅಡ್ಡಾದಿಡ್ಡಿ ಹರಿಯುತ್ತದೆ. ಬ್ಲೇಡೂ ಬೇಡ, ಅದು ಮಡಿಕೆ ಬಿಟ್ಟು ಪುಟದೊಳಗೆ ಜಾರುತ್ತದೆ. ತೆಳುವಾದ ಮೊಂಡು ಚಾಕುವನ್ನು ಮಡಿಕೆಯ ಒಳಗೆ ಪೂರ್ತಿ ಕೂರಿಸಿ, ಸ್ವಲ್ಪ ಸ್ವಲ್ಪವೇ ಹೊರಗೆ ಎಳೆಯಿರಿ. ಅವಸರ ಮಾಡಬೇಡಿ.

ತೂತುಗಳು ಜೀರುಂಡೆ ಜಾತಿಯ ಪುಟ್ಟ ಕೀಟಗಳ ಮರಿಹುಳು ಕೊರೆದವು. ಪುಸ್ತಕವನ್ನು ಬಿಳಿ ಕಾಗದದ ಮೇಲೆ ಒಂದು ವಾರ ಇಡಿ. ಹೊಸ ಪುಡಿ ಬೀಳದಿದ್ದರೆ ಹಳೆಯ ತೂತು ಇರಬಹುದು, ಆಗಾಗ ನೋಡುತ್ತಿರಿ. ಬಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಎರಡು ವಾರ ಫ್ರೀಜರ್‌ನಲ್ಲಿಡಿ. ಊಟದ ಪದಾರ್ಥದ ಜೊತೆ ಮಾತ್ರ ಬೇಡ, ರಟ್ಟಿನ ಅನುಮಾನ ಇದೆಯಲ್ಲ. ಹೊರತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬೇಡಿ. ಒಂದು ದಿನ ಬಿಟ್ಟರೆ ತೇವ ಚೀಲದ ಹೊರಗೇ ಕೂರುತ್ತದೆ.

ಕೊನೆಯ ಫಾರಂನ ಅಕ್ಷರ ಯಾವುದು, ಒಟ್ಟು ಪುಟ ಎಷ್ಟು ಅಂತ ಬರೆಯಿರಿ. ಪೂರ್ತಿ ಇದೆಯಾ ಅಂತ ಲೆಕ್ಕ ಹಾಕಿ ಹೇಳುತ್ತೇನೆ.