ಮೊದಲು ಬ್ಯಾಡಗಿ, ಆಮೇಲೆ ಧಾರವಾಡ

ನಮಸ್ಕಾರ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಮಾರುಕಟ್ಟೆಯಲ್ಲೇ ಅಳೆಯುವ ಪುಟ್ಟ ಯಂತ್ರ ಮಾಡುತ್ತಿದ್ದೀರಿ, ಅದಕ್ಕಾಗಿ ಹಾವೇರಿ ಬಿಟ್ಟು ಬೆಂಗಳೂರಿಗೆ ಹೋಗಲೇಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ.

ನಿಮಗೆ ಮೊದಲು ಬೇಕಿರುವುದು ಹಣವಲ್ಲ, ಕಾಯಿ. ಬೇರೆ ಬೇರೆ ಹೊಲದ, ಬೇರೆ ಬೇರೆ ತೇವಾಂಶದ ಕಾಯಿ ಒಂದೇ ಕಡೆ ರಾಶಿ ರಾಶಿ ಸಿಗುವುದು ಬ್ಯಾಡಗಿ ಎಪಿಎಂಸಿಯಲ್ಲಿ. ಖರೀದಿದಾರರು ಅಲ್ಲಿ ಬಹುಪಾಲು ಕಣ್ಣಳತೆಯಿಂದ ದರ ಬರೆಯುತ್ತಾರೆ. ಆದರೆ ಕಾಯಿಯಿಂದ ಓಲಿಯೋರೆಸಿನ್ (ಬಣ್ಣ, ಖಾರದ ಗಟ್ಟಿ ಸಾರ) ತೆಗೆಯುವ ಕಾರ್ಖಾನೆಗಳಿಗೆ ಎಎಸ್‌ಟಿಎ ಬಣ್ಣಮಾನ, ಅಂದರೆ ಪ್ರಯೋಗಾಲಯದಲ್ಲಿ ಅಳೆದ ಬಣ್ಣದ ಅಂಕಿ, ಬೇಕು. ಒಳ್ಳೆಯ ಬಣ್ಣದ ಕಾಯಿ ಬೆಳೆದ ರೈತನಿಗೆ ನಷ್ಟವಾಗುವುದು ಈ ಅಂತರದಲ್ಲೇ. ಆದ್ದರಿಂದ ನಿಮ್ಮ ಕೆಲಸ ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಒಂದು ಎಚ್ಚರಿಕೆ. ಪ್ರಯೋಗಾಲಯದಲ್ಲಿ ಪುಡಿಯ ಬಣ್ಣವನ್ನು ಅಸಿಟೋನ್‌ನಲ್ಲಿ ಕರಗಿಸಿ, 460 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಯಂತ್ರದ ಕ್ಯಾಮೆರಾ ಕಾಣುವುದು ಸಿಪ್ಪೆಯ ಮೇಲ್ಮೈಯನ್ನಷ್ಟೇ. ಪ್ರತಿ ಮಾದರಿಯನ್ನೂ ಎರಡೂ ರೀತಿ ಅಳೆದು ಹೋಲಿಸದಿದ್ದರೆ ನಿಮ್ಮ ಅಂಕಿಯನ್ನು ಯಾರೂ ನಂಬುವುದಿಲ್ಲ.

ಆ ಹೋಲಿಕೆಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ. ಕೇಂದ್ರದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ (ಆರ್‌ಕೆವಿವೈ) ಕೃಷಿ ನವೋದ್ಯಮಗಳಿಗೆ ನೆರವು ಕೊಡುವ ಕಾರ್ಯಕ್ರಮವಿದೆ, ಅದಕ್ಕೆ ಮಾರ್ಗದರ್ಶನ ನೀಡುವ ಜ್ಞಾನ ಪಾಲುದಾರ ಸಂಸ್ಥೆಗಳಲ್ಲಿ ಈ ವಿಶ್ವವಿದ್ಯಾಲಯವೂ ಒಂದು. ಆ ಕಾರ್ಯಕ್ರಮದಲ್ಲಿ ಕಲ್ಪನೆಯ ಹಂತಕ್ಕೆ 5 ಲಕ್ಷ, ಬೀಜನಿಧಿಗೆ (ಉದ್ಯಮದ ಆರಂಭದ ಬಂಡವಾಳಕ್ಕೆ) 25 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶ ಇಟ್ಟಿದ್ದಾರೆ. ಈಗಿನ ಷರತ್ತುಗಳನ್ನು ಅಲ್ಲೇ ವಿಚಾರಿಸಿ. ಸೆನ್ಸರ್ ಕೆಲಸಕ್ಕೆ ಅದೇ ಊರಿನಲ್ಲಿ ಐಐಟಿ, ಐಐಐಟಿ ಎರಡೂ ಇವೆ.

ನಮ್ಮ ಭಾಗದಲ್ಲಿ ನಿಜಕ್ಕೂ ಕೊರತೆ ಇರುವುದು ಮೊದಲ ಗಿರಾಕಿಯದ್ದು. ಯಂತ್ರವನ್ನು ಒಬ್ಬೊಬ್ಬ ರೈತನಿಗೆ ಮಾರಲು ಹೋಗಬೇಡಿ, ರೈತ ಉತ್ಪಾದಕ ಕಂಪನಿಯೊಂದನ್ನು ಹಿಡಿಯಿರಿ. ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಗೆ ಕಾಯಿಯ ಆವಕ ಜೋರಾಗಿರುತ್ತದೆ, ಅಷ್ಟರೊಳಗೆ ಯಂತ್ರ ಮಾರುಕಟ್ಟೆಯ ಅಂಗಳಕ್ಕೆ ಇಳಿಯಲಿ.