ಸ್ವಿಟ್ಜರ್ಲೆಂಡಿನಲ್ಲಿ ‘ಬೇಡ’ ಅಂದವರನ್ನೂ ಕೇಳಿ ನೋಡಿ

ನಮಸ್ಕಾರ. ಜ್ಯೂರಿಕ್‌ನ ದೊಡ್ಡ ಕಂಪನಿಯೊಂದರಲ್ಲಿ ಹವಾಮಾನ ವರದಿ ತಯಾರಿಸುವ ತಂಡಕ್ಕೆ ಸೇರುತ್ತಿದ್ದೀರಿ ಅಂತ ಓದಿ ಖುಷಿಯಾಯಿತು. ‘ಅಕ್ಕಾ, ಕಂಪನಿಗಳ ಮೇಲೆ ಪರಿಸರದ ನಿಯಮ ಹೇರುವುದನ್ನು ಅಲ್ಲಿನ ಜನ ನಿಜವಾಗಿ ಒಪ್ಪುತ್ತಾರಾ?’ ಅಂತ ಕೇಳಿದ್ದೀರಿ. ಒಪ್ಪುತ್ತಾರೆ. ಆದರೆ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಅಂತ ಮೊದಲು ನೋಡುತ್ತಾರೆ.

ಇಲ್ಲಿ ಜನರ ಮನಸ್ಸು ತಿಳಿಯಲು ಸಮೀಕ್ಷೆಯೇ ಬೇಕಿಲ್ಲ. ವರ್ಷಕ್ಕೆ ನಾಲ್ಕು ಸಲದವರೆಗೂ ಮತದಾನದ ಲಕೋಟೆ ಮನೆಗೇ ಬರುತ್ತದೆ. ಒಳಗೆ ಕೆಂಪು ರಕ್ಷಾಪುಟದ ಪುಟ್ಟ ಪುಸ್ತಕ. ಕಾನೂನಿನಲ್ಲಿ ಏನಿದೆ, ಪರ ಏನು, ವಿರೋಧ ಏನು, ಎಲ್ಲಾ ಅದರಲ್ಲಿರುತ್ತದೆ.

2021ರ ಜೂನ್‌ನಲ್ಲಿ ಹೊಸ ಸಿಒ2 (ಇಂಗಾಲದ ಡೈಆಕ್ಸೈಡ್) ಕಾನೂನು ಮತಕ್ಕೆ ಬಂತು. ಪೆಟ್ರೋಲ್ ಲೀಟರಿಗೆ 12 ರಾಪೆನ್‌ವರೆಗೆ (100 ರಾಪೆನ್ ಅಂದರೆ ಒಂದು ಫ್ರಾಂಕ್) ಏರಬಹುದಿತ್ತು. ವಿಮಾನದ ಟಿಕೆಟ್ಟಿಗೆ 30ರಿಂದ 120 ಫ್ರಾಂಕ್ ಶುಲ್ಕ. ಶೇ. 51.6 ಜನ ಬೇಡ ಅಂದರು. ನನಗೆ ಅಂದು ಮತದ ಹಕ್ಕು ಇರಲಿಲ್ಲ. ಪಕ್ಕದ ಮನೆಯ ಬಡಗಿ ‘ಬೇಡ’ ಅಂತ ಬರೆದರು ಅಂತ ಗೊತ್ತಾದಾಗ ಬೇಸರವಾಗಿತ್ತು. ‘ನನ್ನ ವ್ಯಾನಿಲ್ಲದೆ ಬಾಗಿಲು, ಕಿಟಕಿ ಗಿರಾಕಿ ಮನೆಗೆ ಹೇಗೆ ಮುಟ್ಟುತ್ತದೆ?’ ಅಂದಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ವರ್ಷದ ಮೇಲೆ, 2023ರ ಜೂನ್‌ನಲ್ಲಿ, ಇನ್ನೊಂದು ಕಾನೂನು ಬಂತು. 2050ರೊಳಗೆ ದೇಶವೂ ಕಂಪನಿಗಳೂ ನಿವ್ವಳ ಶೂನ್ಯಕ್ಕೆ ಬರಬೇಕು, ಅಂದರೆ ಗಾಳಿಗೆ ಬಿಟ್ಟಷ್ಟು ಹಸಿರುಮನೆ ಅನಿಲವನ್ನು ವಾಪಸ್ ತೆಗೆಯಬೇಕು ಅನ್ನುವ ಗುರಿ. ಹೊಸ ತೆರಿಗೆ ಇಲ್ಲ. ಮನೆ ಬಿಸಿಮಾಡುವ ಹಳೆಯ ಹೀಟರ್ ಬದಲಿಸಲು 10 ವರ್ಷಕ್ಕೆ 200 ಕೋಟಿ ಫ್ರಾಂಕ್, ಕಂಪನಿಗಳ ಹೊಸ ತಂತ್ರಜ್ಞಾನಕ್ಕೆ 6 ವರ್ಷಕ್ಕೆ 120 ಕೋಟಿ ಫ್ರಾಂಕ್ ನೆರವು. ಶೇ. 59.1 ಜನ ಬೇಕು ಅಂದರು. ಅಷ್ಟು ಹೊತ್ತಿಗೆ ನಾನು ಇಲ್ಲಿನ ಪೌರಳಾಗಿದ್ದೆ, ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಟ್ಟಿದ್ದೆ. ಈ ದೇಶದಲ್ಲಿ ನನ್ನ ಮೊದಲ ಮತ ಇದಕ್ಕೇ ಹೋಯಿತು. ಬಡಗಿಯೂ ಬೇಕು ಅಂದರು! ಈಗ ಅವರ ನೆಲಮಾಳಿಗೆಯಲ್ಲಿ ಎಣ್ಣೆ ಟ್ಯಾಂಕ್ ಇಲ್ಲ, ಹೊರಗಿನ ಶಾಖ ಎಳೆದು ಮನೆ ಬಿಸಿಮಾಡುವ ಹೀಟ್ ಪಂಪ್ ಬಂದಿದೆ. ಟ್ಯಾಂಕ್ ಇದ್ದ ಜಾಗದಲ್ಲಿ ಹಲಗೆ ಒಟ್ಟಿದ್ದಾರೆ. ಒಳಗೆ ಹೋದರೆ ಎಣ್ಣೆ ವಾಸನೆ ಇನ್ನೂ ಮೂಗಿಗೆ ಬಡಿಯುತ್ತದೆ.

ಹಾಗಂತ ಎಲ್ಲದಕ್ಕೂ ಹೂಂ ಅನ್ನುತ್ತಾರೆ ಅಂದುಕೊಳ್ಳಬೇಡಿ. 10 ವರ್ಷದೊಳಗೆ ಇಡೀ ಆರ್ಥಿಕತೆ ಭೂಮಿ ತಾಳಿಕೊಳ್ಳುವ ಮಿತಿಯೊಳಗೆ ಬರಬೇಕು ಅನ್ನುವ ಪ್ರಸ್ತಾವ 2025ರ ಫೆಬ್ರವರಿಯಲ್ಲಿ ಬಂದಾಗ ಒಂದು ಕ್ಯಾಂಟನ್ (ಇಲ್ಲಿನ ರಾಜ್ಯ) ಕೂಡ ಒಪ್ಪಲಿಲ್ಲ. ನನಗೆ ಈಗಲೂ ನೋವಾಗುವುದು 2020ರ ನವೆಂಬರ್ ನೆನೆದರೆ. ಇಲ್ಲಿನ ಕಂಪನಿಗಳು ಹೊರದೇಶಗಳಲ್ಲಿ ಮಾಡುವ ಪರಿಸರ ಹಾನಿಗೆ, ಮಾನವ ಹಕ್ಕುಗಳ ಉಲ್ಲಂಘನೆಗೆ ಇಲ್ಲೇ ಜವಾಬ್ದಾರಿ ಹೊರಬೇಕು ಅನ್ನುವ ಸಂವಿಧಾನ ತಿದ್ದುಪಡಿ ಮತಕ್ಕೆ ಬಂದಿತ್ತು. ಶೇ. 50.7 ಜನ ಬೇಕು ಅಂದರು, ಆದರೂ ಬಿದ್ದುಹೋಯಿತು. ಸಂವಿಧಾನ ಬದಲಿಸಲು ಕ್ಯಾಂಟನ್‌ಗಳ ಬಹುಮತವೂ ಬೇಕಲ್ವಾ, ಅದು ಸಿಗಲಿಲ್ಲ. ನಮ್ಮಂಥ ದೇಶಗಳಿಂದ ಬಂದವರಿಗೆ ಇದು ಬೇಗ ಮರೆಯುವ ವಿಷಯವಲ್ಲ.

ಇನ್ನೊಂದು ಗಮನಿಸಿ. ಬಿಸಿಮಾಡಲು ಸುಡುವ ಎಣ್ಣೆ, ಗ್ಯಾಸ್ ಮೇಲೆ 2008ರಿಂದ ಸಿಒ2 ಶುಲ್ಕ ಇದೆ, 2022ರಿಂದ ಒಂದು ಟನ್ ಸಿಒ2ಗೆ 120 ಫ್ರಾಂಕ್. ಅದರ ದೊಡ್ಡ ಪಾಲು ಜನರಿಗೂ ಕಂಪನಿಗಳಿಗೂ ವಾಪಸ್ ಬರುತ್ತದೆ. ಜನರ ಪಾಲು ಸೇರುವುದು ಆರೋಗ್ಯ ವಿಮೆಯ ಬಿಲ್ಲಿನಲ್ಲಿ. ಸಣ್ಣ ಅಕ್ಷರದ ಒಂದೇ ಸಾಲು, ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ. ನಿಮಗೂ ಬರುತ್ತದೆ, ಪೌರತ್ವ ಬೇಕಿಲ್ಲ. ಮೊದಲ ಬಿಲ್ ಬಂದಾಗ ಹುಡುಕಿ.

ಆಫೀಸಿನಲ್ಲಿ ‘ನೀವು ಯಾವುದಕ್ಕೆ ಮತ ಹಾಕಿದಿರಿ?’ ಅಂತ ಸುಮ್ನೆ ನೇರವಾಗಿ ಕೇಳಬೇಡಿ. ಸ್ವಲ್ಪ ಪರಿಚಯ ಆಗಲಿ. 500ಕ್ಕಿಂತ ಕಡಿಮೆ ಜನ ಇರುವ ಕಂಪನಿಗೆ ನೀವು ಬರೆಯುವಂಥ ವರದಿಯ ಕಡ್ಡಾಯ ಇಲ್ಲ, ಆದರೂ ದೊಡ್ಡ ಕಂಪನಿಗೆ ಮಾಲು ಕೊಡುವ ಸಣ್ಣವರ ಹತ್ತಿರ ಅಂಕಿಅಂಶ ಕೇಳಬೇಕಾಗುತ್ತದೆ. ಅವರಿಗೆ ಬರೀ ಇಮೇಲ್‌ನಲ್ಲಿ ಫಾರಂ ಕಳಿಸಬೇಡಿ. ಒಂದು ಫೋನ್ ಮಾಡಿ, ಸಾಧ್ಯವಾದರೆ ವರ್ಕ್‌ಶಾಪ್‌ಗೇ ಹೋಗಿ ಬನ್ನಿ. ಜರ್ಮನ್ ಈಗಲೇ ಶುರು ಮಾಡಿ.